ಎರಡು ಗೀರಿನ ಬನ್ನು

ಆ ಬೀದಿಯಲ್ಲಿ ಬೇಕರಿಯಣ್ಣನಿಗೆ ಇದ್ದ ಮರ್ಯಾದೆಯೆಲ್ಲ ಒಂದು ಹಲಗೆಯ ಮೇಲೆ ನಿಂತಿತ್ತು. ಅಂಗಡಿಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ, ಬನ್ನು ಜೋಡಿಸಿಡುವ ಗಾಜಿನ ಕಪಾಟಿನ ಮೇಲೆ, ನೀಲಿ ಬಣ್ಣ ಬಳಿದು ಬಿಳಿ ಅಕ್ಷರದಲ್ಲಿ ಅವನೇ ಬರೆದು ತೂಗುಹಾಕಿದ್ದ: ‘ಇಲ್ಲಿ ಬೆರಕೆ ಇಲ್ಲ’. ಜಾಗದ ಅಂದಾಜು ತಪ್ಪಿ ಕೊನೆಯ ಅಕ್ಷರಗಳು ಒಂದರ ಮೈಮೇಲೆ ಒಂದು ಬಿದ್ದಿದ್ದವು. ಆದರೂ ಓದಿದವರು ನಂಬುತ್ತಿದ್ದರು. ನಂಬದೆ ಏನು ಮಾಡುತ್ತಾರೆ? ನಿನ್ನೆಯ ಬ್ರೆಡ್ಡನ್ನು ಇವತ್ತಿನದು ಅಂದವನಲ್ಲ, ಕಮಟು ಎಣ್ಣೆ ಬಳಸಿದವನಲ್ಲ. ಹಿಟ್ಟಿನಲ್ಲಿ ಒಂದು ಹುಳ ಕಂಡರೆ ಇಡೀ ಚೀಲ ವಾಪಸ್ಸು ಕಳಿಸಿ, ಆ ಸುದ್ದಿಯನ್ನು ಎಂಟು ದಿನ ಬಂದಬಂದವರಿಗೆಲ್ಲ ಹೇಳುವ ಮನುಷ್ಯ. ಒಳ್ಳೆಯವನೇ. ಆದರೆ ತಾನು ಒಳ್ಳೆಯವನು ಅನ್ನುವುದು ಅವನಿಗೆ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

ಹಲಗೆ ಅವನದಾದರೂ ನಾಲಿಗೆ ತಮ್ಮನದು. ಅಪ್ಪ ಬದುಕಿದ್ದಾಗಲೇ ಹಾಗೆ ಹಂಚಿಕೆಯಾಗಿತ್ತು. ಅಣ್ಣನಿಗೆ ತೋಳು, ತಮ್ಮನಿಗೆ ನಾಲಿಗೆ. ಅಣ್ಣ ನಾದಿಟ್ಟ ಹಿಟ್ಟಿನಿಂದ ಕಡಲೆಕಾಳಿನಷ್ಟು ಕಿತ್ತು ಬಾಯಿಗೆ ಹಾಕಿಕೊಂಡು ತಮ್ಮ “ಉಪ್ಪು ಸಾಲದು” ಅಂದರೆ ಸಾಲದು. “ಇನ್ನೂ ಕಾಲು ಗಂಟೆ ಉಬ್ಬಲಿ” ಅಂದರೆ ಉಬ್ಬಬೇಕು. ಒಮ್ಮೆ ಅತ್ತಿಗೆ ತಮಾಷೆಗೆಂದು ಎರಡು ಕಡೆಯಿಂದ ತಂದ ಬೆಣ್ಣೆ ಬೆರೆಸಿ ಬ್ರೆಡ್ಡಿಗೆ ಸವರಿ ಕೊಟ್ಟಳು. ಅವನು ಒಂದು ಕಚ್ಚಿಗೇ ಹುಬ್ಬು ಏರಿಸಿ, “ಅತ್ತಿಗೆ, ಇದರೊಳಗೆ ಇಬ್ಬರು ಜಗಳ ಆಡ್ತಿದಾರೆ” ಅಂದ. ಅವಳು ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಳು.

ತಮ್ಮನಿಗೆ ಇಪ್ಪತ್ತಾರು ತುಂಬಿದ ವರ್ಷ ಭಟ್ಟಿಯ ಹೊಗೆಕೊಳವೆಯಿಂದ ಯಾರೋ ಮಾತಾಡತೊಡಗಿದರು. ಇಬ್ಬರು ಗಂಡಸರು. ಅವನು ಏನು ಮಾಡಿದರೂ ಅದನ್ನು ಒಬ್ಬ ಹೇಳುವುದು, ಇನ್ನೊಬ್ಬ ಆಡಿಕೊಳ್ಳುವುದು. “ಈಗ ಹಿಟ್ಟು ತಗೊಂಡ ನೋಡು.” “ಕೈ ತೊಳೆದಿಲ್ಲ ಅವನು.” ಮೊದಲು ತಮ್ಮ ಕೈ ತೊಳೆಯುವುದು ಹೆಚ್ಚಾಯಿತು. ಆಮೇಲೆ ಭಟ್ಟಿಯ ಕಡೆ ಬೆನ್ನು ಹಾಕಿ ನಿಲ್ಲತೊಡಗಿದ. ಕೊನೆಗೆ ಒಂದು ಬೆಳಿಗ್ಗೆ, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ, ಕೊಳವೆಯ ಕಡೆ ತಲೆ ಎತ್ತಿ “ಇಳಿದು ಬನ್ರೋ ಕೆಳಗೆ!” ಎಂದು ಗಂಟಲು ಕಿತ್ತುಹೋಗುವ ಹಾಗೆ ಕೂಗಿದ.

ಬೇಕರಿಯಣ್ಣನಿಗೆ ಆಗ ತಮ್ಮನ ಮೇಲೆ ಮರುಕ ಹುಟ್ಟಬೇಕಿತ್ತು. ಹುಟ್ಟಿದ್ದು ನಾಚಿಕೆ. ಗಿರಾಕಿಗಳ ಮುಂದೆ ಹಲ್ಲು ಕಿರಿದು, “ಗುಬ್ಬಿ ಗೂಡು ಕಟ್ಟಿದೆ, ಅದನ್ನ ಓಡಿಸ್ತಿದಾನೆ” ಅಂದ. ಮರುದಿನದಿಂದ ತಮ್ಮ ಒಳಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು. ಕೇಳಿದವರಿಗೆಲ್ಲ “ಚಿಕ್ಕಮ್ಮನ ಮನೆಗೆ ಹೋಗಿದಾನೆ” ಎಂಬ ಉತ್ತರ. ಇಲ್ಲದ ಆ ಚಿಕ್ಕಮ್ಮನಿಗೆ ಎರಡು ತಿಂಗಳು ಕಾಯಿಲೆ ಬೇರೆ ಬರಿಸಿದ. ಸ್ವಂತ ತಮ್ಮ ಹತ್ತು ಹೆಜ್ಜೆ ಆಚೆಗೆ, ಗೋಡೆಗೆ ಕಿವಿಯಿಟ್ಟು ನಡುಗುತ್ತಾ ಕೂತಿದ್ದ.

ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅತ್ತಿಗೆಯ ಹಟದಿಂದ. ಡಾಕ್ಟರಮ್ಮ ನಡುವಯಸ್ಸಿನವರು, ಮೂಗಿನ ತುದಿಗೆ ಕನ್ನಡಕ, ಮಾತು ನೇರ. ತಮ್ಮನ ಮಾತನ್ನು ಒಂದು ಗಂಟೆ ಕೇಳಿ, ರೋಗದ ಹೆಸರು ಸ್ಕಿಜೋಫ್ರೇನಿಯಾ ಅಂದರು. “ಅವರಿಗೆ ಆ ದನಿ ನಿಜವಾಗಿಯೂ ಕೇಳಿಸುತ್ತೆ. ನನ್ನ ಮಾತು ನಿಮಗೆ ಕೇಳಿಸ್ತಿದೆಯಲ್ಲ, ಅಷ್ಟೇ ಸ್ಪಷ್ಟವಾಗಿ. ನಾಟಕ ಅಲ್ಲ, ಮನಸ್ಸು ಸಡಿಲ ಬಿಟ್ಟಿದ್ದಕ್ಕೆ ಬಂದಿದ್ದೂ ಅಲ್ಲ. ನೀವು ಬೆಳೆಸಿದ್ದರಲ್ಲಿ ಏನೋ ತಪ್ಪಾಯ್ತು ಅಂತ ಕೊರಗಬೇಡಿ. ಇದು ಕಾಯಿಲೆ. ಮಾತ್ರೆ ಇದೆ. ಆದರೆ ಬೇಗ ಬಿಡೋ ಹಾಗಿಲ್ಲ.” ಬೇಕರಿಯಣ್ಣ ತಲೆಯಾಡಿಸಿದ. ಅವನ ಮನಸ್ಸೆಲ್ಲ ಹೊರಗೆ ಬೆಂಚಿನ ಮೇಲೆ ಗುರುತಿನವರು ಯಾರಾದರೂ ಕೂತಿದ್ದಾರೋ ಎಂಬುದರ ಮೇಲಿತ್ತು.

ಮಾತ್ರೆ ಹಿಡಿಯಿತು. ಮೂರು ತಿಂಗಳಿಗೆ ಕೊಳವೆಯವರು ಪಿಸುಮಾತಿಗೆ ಇಳಿದರು, ಆಮೇಲೆ ಸುಮ್ಮನಾದರು. ತಮ್ಮ ಮತ್ತೆ ಹಿಟ್ಟಿನ ಮೇಜಿಗೆ ಬಂದ. ಆದರೆ ಮೈ ಊದಿಕೊಂಡಿತು, ಬೆಳಿಗ್ಗೆ ಏಳಲಾಗುತ್ತಿರಲಿಲ್ಲ, ಬಾಯಿ ಸದಾ ಒಣಗಿದಂತೆ. “ನಾಲಿಗೆ ಮೇಲೆ ಕಂಬಳಿ ಹೊದಿಸಿದ ಹಾಗಿದೆ ಅಣ್ಣ” ಅನ್ನುತ್ತಿದ್ದ. ಒಂದು ದಿನ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ. ಹದಿನೈದು ದಿನಕ್ಕೆ ಮತ್ತೆ ಭಟ್ಟಿಗೆ ಬೆನ್ನು ಹಾಕಿದ.

ಅಣ್ಣ ಬೇಡಿಕೊಂಡ, ಗದರಿದ, ಊಟ ಬಿಟ್ಟು ಕೂತ. ತಮ್ಮ ಜಗ್ಗಲಿಲ್ಲ. “ನನಗೇನೂ ಆಗಿಲ್ಲ” ಅಂದ. ಆಗ ಬೇಕರಿಯಣ್ಣ, ಹಲಗೆ ಬರೆದ ಅದೇ ಕೈಯಿಂದ, ಒಂದು ಕೆಲಸ ಮಾಡಿದ. ತಮ್ಮನಿಗೆ ಮುಂಚಿನಿಂದಲೂ ಬೆಳಿಗ್ಗೆ ಏಳಕ್ಕೆ ಒಂದು ಜಾಮ್ ಬನ್ನು, ಒಂದು ಲೋಟ ಹಾಲು. ಮಾತ್ರೆಯನ್ನು ಚಮಚದ ಬೆನ್ನಿನಿಂದ ಅರೆದು ಪುಡಿ ಮಾಡಿ, ಜಾಮಿಗೆ ಕಲಸಿ, ಬೆಂದ ಬನ್ನಿನ ತಳದಲ್ಲಿ ತೂತು ಮಾಡಿ ಕಾಗದದ ಕೋನಿನಿಂದ ಒಳಗೆ ಒತ್ತಿದ. ಆ ಬನ್ನು ಅಪ್ಪಿತಪ್ಪಿ ಗಿರಾಕಿಯ ಕೈಗೆ ಹೋದರೆ? ಅದಕ್ಕೂ ದಾರಿ ಹುಡುಕಿದ. ಭಟ್ಟಿಗೆ ಹಾಕುವ ಮುಂಚೆ ಆ ಒಂದರ ನೆತ್ತಿಯ ಮೇಲೆ ಬ್ಲೇಡಿನಿಂದ ಎರಡು ಗೀರು ಎಳೆದ. ಬೆಂದು ಬಂದಾಗ ಗೀರು ಅರಳಿ ಎದ್ದು ಕಾಣುತ್ತಿತ್ತು. ಊರವರಿಗೆ ಬೆರಕೆ ತಿನ್ನಿಸದ ಮನುಷ್ಯ ಅಷ್ಟು ಎಚ್ಚರ ವಹಿಸಿದ್ದ.

“ರೀ, ಹೇಳಿಬಿಡಿ ಅವನಿಗೆ. ಗೊತ್ತಾದರೆ ಏನು ಗತಿ?” ಎಂದಳು ಹೆಂಡತಿ.

“ನಾಲ್ಕೇ ದಿನ. ಸ್ವಲ್ಪ ಹತೋಟಿಗೆ ಬರಲಿ, ನಾನೇ ಹೇಳ್ತೀನಿ.”

ನಾಲ್ಕು ದಿನ ಏಳು ತಿಂಗಳಾಯಿತು. ತಮ್ಮ ಸುಧಾರಿಸಿದ್ದೇ ಕುತ್ತಾಯಿತು. ಅವನು ನಗುತ್ತಿದ್ದಾನೆ, ಕೆಲಸ ಮಾಡುತ್ತಿದ್ದಾನೆ, ಈಗ ಹೇಳಿ ಇದನ್ನೆಲ್ಲ ಯಾಕೆ ಕೆಡಿಸಲಿ ಎಂದು ಅಣ್ಣ ದಿನಾ ಮುಂದೂಡಿದ.

ಆದರೆ ಕಂಬಳಿ ಹೊದ್ದಿದ್ದರೂ ಅದು ಆ ನಾಲಿಗೆಯೇ ತಾನೆ. ಐದನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ತಮ್ಮ ಬನ್ನನ್ನು ಅರ್ಧಕ್ಕೆ ಇಟ್ಟು, “ಅಣ್ಣ, ಇದು ಕಹಿ” ಅಂದ.

“ಏನೂ ಇಲ್ಲ. ಜಾಮ್ ಸ್ವಲ್ಪ ಸೀದಿರಬೇಕು.”

“ಸೀದ ಕಹಿ ಬೇರೆ. ಇದು ಬೇರೆ. ಮತ್ತೆ ನನ್ನ ಬನ್ನಿನ ಮೇಲೆ ಮಾತ್ರ ಗುರುತು ಇರುತ್ತೆ, ನೋಡಿದೀಯಾ? ದಿನಾ ಎರಡು ಗೀರು.”

ಕೈಗೆ ಮೆತ್ತಿದ ಹಿಟ್ಟು ಉಜ್ಜುತ್ತಾ ಬೇಕರಿಯಣ್ಣ ಆಡಿದ ಮಾತು ಇದು: “ನಿನ್ನ ನಾಲಿಗೆ ಕೆಟ್ಟಿದೆ ಕಣೋ.”

ಬೇರೆ ಯಾರಿಗೆ ಅಂದಿದ್ದರೂ ಅದೊಂದು ಮಾತು, ಅಷ್ಟೇ. ಆ ತಮ್ಮನಿಗೆ ಅದು ಮಾತಲ್ಲ. ಅವನು ಅವತ್ತಿನಿಂದ ಹಿಟ್ಟಿನ ರುಚಿ ನೋಡುವುದನ್ನು ಬಿಟ್ಟ. ಕೆಲಸದವರು “ಉಪ್ಪು ನೋಡಿ” ಎಂದು ಕರೆದರೆ, “ಅಣ್ಣನ್ನ ಕೇಳಿ, ನನಗೆ ತಿಳಿಯಲ್ಲ” ಅನ್ನತೊಡಗಿದ. ಅಣ್ಣ ಅದನ್ನು ಕೇಳಿಸಿಕೊಂಡ. ಆದರೆ ಮರುದಿನವೂ ಬ್ಲೇಡು ತೆಗೆದುಕೊಂಡು ಎರಡು ಗೀರು ಎಳೆದ.

ಆರನೆಯ ತಿಂಗಳಲ್ಲಿ ತಮ್ಮ ತಾನಾಗಿಯೇ ಡಾಕ್ಟರಮ್ಮನ ಹತ್ತಿರ ಹೋಗೋಣ ಅಂದ. ಅವರ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. “ನಾನು ಮಾತ್ರೆ ತಗೊಳ್ತಿಲ್ಲ. ಆದರೆ ಯಾರೋ ನನ್ನ ಬನ್ನಿಗೆ ಏನೋ ಹಾಕ್ತಿದಾರೆ. ಗುರುತು ಮಾಡಿ ನನಗೇ ಕೊಡ್ತಾರೆ.” ಡಾಕ್ಟರಮ್ಮ ಅವನನ್ನು ಪರದೆಯ ಆಚೆ ಕೂರಿಸಿ ಅಣ್ಣನ ಕಡೆ ತಿರುಗಿದರು.

“ನೋಡಿ, ನೇರವಾಗಿ ಕೇಳ್ತೀನಿ. ಮಾತ್ರೆ ಊಟದಲ್ಲಿ ಬೆರೆಸ್ತಿದೀರಾ? ಎಷ್ಟೋ ಮನೆಯವರು ಹಾಗೆ ಮಾಡ್ತಾರೆ. ನಾನು ಬೈಯಲ್ಲ. ಆದರೆ ನನಗೆ ಗೊತ್ತಿರಬೇಕು.”

ಎಷ್ಟು ಸುಲಭದ ಪ್ರಶ್ನೆ! ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮೇಜಿನ ಮೇಲೆ ಅವನ ಬೇಕರಿಯದೇ ಬಿಸ್ಕತ್ತಿನ ಪೊಟ್ಟಣ ಇತ್ತು. ಡಾಕ್ಟರಮ್ಮ ಅವನ ಗಿರಾಕಿ. ‘ಬೆರೆಸ್ತಿದೀರಾ’ ಎಂಬ ಒಂದು ಶಬ್ದ ಅವನ ಕಿವಿಗೆ ಕಾದ ಸೀಸದಂತೆ ಬಿತ್ತು. ಪರದೆ ತೆಳ್ಳಗಿತ್ತು, ಅದರ ಕೆಳಗೆ ತಮ್ಮನ ಚಪ್ಪಲಿ ಕಾಣುತ್ತಿತ್ತು.

“ಇಲ್ಲ ಡಾಕ್ಟ್ರಮ್ಮ. ಬೆರೆಸೋ ಜನ ಅಲ್ಲ ನಾವು. ಮಾತ್ರೆ ನನ್ನ ಕೈಯಿಂದಲೇ ನುಂಗ್ತಾನೆ. ಆಮೇಲೆ ಮರೀತಾನೆ.”

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಬರೆದುಕೊಂಡರು. ಮಾತ್ರೆ ನುಂಗುತ್ತಿದ್ದರೂ ಆಹಾರದ ಬಗ್ಗೆ ಅನುಮಾನ ಹೋಗಿಲ್ಲ ಅಂದಮೇಲೆ ಪ್ರಮಾಣ ಹೆಚ್ಚಿಸಬೇಕು. ಹೆಚ್ಚಿಸಿದರು. ತಮ್ಮನನ್ನು ಒಳಗೆ ಕರೆದು, ಕೊಳವೆಯ ಮಾತಿನ ಹಾಗೆ ಈ ಕಹಿಯೂ ಕಾಯಿಲೆಯದೇ ಇರಬಹುದು, ಇನ್ನು ಮೇಲೆ ನೀವೇ ಕೈಯಾರೆ ಮಾತ್ರೆ ತೆಗೆದುಕೊಳ್ಳಿ ಎಂದು ಚೀಟಿಯನ್ನು ಅವನ ಕೈಗೇ ಕೊಟ್ಟರು. ತಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ.

ಆ ಸಂಜೆ ಅಣ್ಣ ನೆಪಮಾತ್ರಕ್ಕೆ ಮಾತ್ರೆಯ ಹಾಳೆ ಮುಂದೆ ಹಿಡಿದು, “ತಗೊಳ್ತೀಯೇನೋ?” ಅಂದ. “ನೋಡೋಣ” ಅಂದ ತಮ್ಮ. ಇದು ಆಗುವ ಹೋಗುವ ಮಾತಲ್ಲ ಎಂದು ಅಣ್ಣ ತೀರ್ಮಾನ ಮಾಡಿ, ಮರುದಿನ ತನ್ನ ಹತ್ತಿರವಿದ್ದ ಹಾಳೆಯಿಂದಲೇ ಹೆಚ್ಚಿನ ಪ್ರಮಾಣ ಅರೆದ.

ಮುಂದಿನ ದಿನಗಳಲ್ಲಿ ತಮ್ಮ ಬನ್ನನ್ನು ಕಣ್ಣು ಮುಚ್ಚಿ ತಿನ್ನುತ್ತಿದ್ದ. ಪ್ರತಿ ತುತ್ತಿಗೂ ತುಟಿ ಅಲ್ಲಾಡುತ್ತಿತ್ತು. ಒಮ್ಮೆ ಅತ್ತಿಗೆ ಹಾಲು ಇಡಲು ಬಾಗಿದಾಗ ಕೇಳಿಸಿತು: “ಕಹಿ ಇಲ್ಲ, ಕಹಿ ಇಲ್ಲ.” ಅವಳು ಒಳಗೆ ಹೋಗಿ ನೀರಿನ ನಲ್ಲಿ ಪೂರ್ತಿ ತಿರುಗಿಸಿ ಅತ್ತಳು. ಗಂಡನಿಗೆ ಹೇಳಿದಳು. ಗಂಡ, “ಆಯ್ತು, ಈ ವಾರ ಹೇಳ್ತೀನಿ” ಅಂದ. ಆ ವಾರ ಹೇಳಲಿಲ್ಲ, ಮುಂದಿನ ವಾರವೂ ಇಲ್ಲ. ತಮ್ಮನ ಕೈ ನಡುಗತೊಡಗಿತು, ನಡಿಗೆ ಕಟ್ಟಿಹಾಕಿದವರ ಹಾಗಾಯಿತು. ಹೊಸ ಪ್ರಮಾಣ ಮೈಗೆ ಹೊಂದಲು ಸಮಯ ಬೇಕು ಎಂದು ಅಣ್ಣ ತನಗೆ ತಾನೇ ಡಾಕ್ಟರಾದ.

ಆಸ್ಪತ್ರೆಗೆ ಹೋಗಿಬಂದ ಇಪ್ಪತ್ತನೆಯ ದಿನ ಬೆಳಿಗ್ಗೆ ಎಂಟೂವರೆ. ಅಂಗಡಿ ತುಂಬ ಜನ. ತಮ್ಮ ಬಿಸಿ ಬನ್ನಿನ ತಟ್ಟೆ ಹೊತ್ತು ಒಳಗಿನಿಂದ ಬಂದವನು ನಿಂತಲ್ಲೇ ನಿಂತ. ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿತು, ಕಣ್ಣುಗುಡ್ಡೆಗಳು ಮೇಲಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡವು. ತಗಡಿನ ತಟ್ಟೆ ಧಡಾರನೆ ಬಿತ್ತು, ಬನ್ನುಗಳು ಗಿರಾಕಿಗಳ ಕಾಲಡಿಗೆ ಉರುಳಿದವು. ನಾಲಿಗೆ ಹೊರಗೆ ಚಾಚಿಕೊಂಡು ಒಳಗೆ ಹೋಗಲೊಲ್ಲದು. ಅವನ ಗಂಟಲಿನಿಂದ “ಅಣ್ಣ” ಎಂಬ ಮಾತು ಅರ್ಧ ಮಾತ್ರ ಬಂತು.

ಈ ಸಲ ಗುಬ್ಬಿಯ ಗೂಡು, ಚಿಕ್ಕಮ್ಮನ ಕಾಯಿಲೆ ಯಾವುದೂ ಅಣ್ಣನ ಬಾಯಿಗೆ ಬರಲಿಲ್ಲ. ಸಿಕ್ಕ ಗಾಡಿಯಲ್ಲಿ ಗಂಡ ಹೆಂಡತಿ ಅವನನ್ನು ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು.

ಡಾಕ್ಟರಮ್ಮ ನೋಡಿದ ಕೂಡಲೇ ಔಷಧ ಹೆಚ್ಚಾಗಿ ಹೀಗಾಗಿದೆ ಅಂದರು. ನರ್ಸು ತಮ್ಮನ ಅಂಗಿ ಬಿಚ್ಚುವಾಗ ಜೇಬಿನಿಂದ ಮಾತ್ರೆಯ ಎರಡು ಹಾಳೆ ಬಿದ್ದವು. ಒಂದು ಪೂರ್ತಿ ಖಾಲಿ, ಇನ್ನೊಂದರಲ್ಲಿ ಒಂದೇ ಉಳಿದಿತ್ತು. ಅಣ್ಣ ಅವನ್ನು ಕಂಡದ್ದು ಅದೇ ಮೊದಲು.

“ಹತ್ತೊಂಬತ್ತು. ದಿನಕ್ಕೊಂದು, ಲೆಕ್ಕ ಸರಿ ಇದೆ” ಎಂದರು ಡಾಕ್ಟರಮ್ಮ. “ಇಷ್ಟಕ್ಕೇ ಹೀಗಾಗೋದು ಅಪರೂಪ. ಬೇರೆ ಏನಾದರೂ ತಗೊಂಡಿದಾರಾ? ಬೇಗ ಹೇಳಿ.”

ಬೇಕರಿಯಣ್ಣ ಹೆಂಡತಿಯ ಮುಖ ನೋಡಿದ. ಅವಳು ಅವನಿಗಾಗಿ ಬಾಯಿ ತೆರೆಯಲಿಲ್ಲ. ಮಂಚದ ಮೇಲೆ ತಮ್ಮನ ಕತ್ತು ತಿರುಚಿಕೊಂಡೇ ಇತ್ತು, ಆದರೆ ಕಿವಿಗೆ ಏನೂ ಆಗಿರಲಿಲ್ಲ.

“ನಾನು ಬೆರೆಸ್ತಿದ್ದೆ” ಎಂದ ಅಣ್ಣ. ದನಿ ಅವನದೇ ಅನ್ನಿಸಲಿಲ್ಲ. “ಬನ್ನಿನಲ್ಲಿ. ಇದೇ ಮಾತ್ರೆ. ಏಳು ತಿಂಗಳಿಂದ. ಇವತ್ತೂ ಹಾಕಿದೀನಿ. ಇವನೂ ತಗೊಳ್ತಿದಾನೆ ಅಂತ ನನಗೆ ಗೊತ್ತಿರಲಿಲ್ಲ.”

ಡಾಕ್ಟರಮ್ಮ ಸೂಜಿ ಚುಚ್ಚಿದರು. ಅರ್ಧ ಗಂಟೆಯಲ್ಲಿ ಕುತ್ತಿಗೆ ಸಡಿಲವಾಯಿತು, ಕಣ್ಣು ಇಳಿಯಿತು, ನಾಲಿಗೆ ಒಳಗೆ ಹೋಯಿತು. ಆ ಅರ್ಧ ಗಂಟೆಯೂ ಬೇಕರಿಯಣ್ಣ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದ. ಕೂರು ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ಕೂರುವ ಮುಖ ಅವನಿಗಿರಲಿಲ್ಲ.

ಆಮೇಲೆ ಡಾಕ್ಟರಮ್ಮ ತಮ್ಮನ ಫೈಲು ತರಿಸಿ, ಅವನ ಹಾಸಿಗೆಯ ಪಕ್ಕದಲ್ಲೇ ಕೂತು, ಹಿಂದಿನ ಭೇಟಿಯ ಪುಟ ತೆರೆದರು. ಬನ್ನಿನ ಬಗ್ಗೆ ಬರೆದಿದ್ದ ಸಾಲಿನ ಮೇಲೆ ಅವನಿಗೆ ಕಾಣುವ ಹಾಗೆ ಒಂದು ಗೆರೆ ಎಳೆದು ಸಹಿ ಹಾಕಿದರು. “ಇದು ಕಾಯಿಲೆ ಆಗಿರಲಿಲ್ಲ. ನೀವು ಹೇಳಿದ್ದು ನಿಜ. ನಿಮ್ಮ ಮಾತು ಬಿಟ್ಟು ಅವರ ಮಾತು ನಂಬಿದೆ. ತಪ್ಪು ನನ್ನದೂ ಇದೆ.” ತಪ್ಪನ್ನು ಹೀಗೂ ಒಪ್ಪಿಕೊಳ್ಳಬಹುದು ಎಂಬುದು ಬೇಕರಿಯಣ್ಣನಿಗೆ ಆಗ ತಿಳಿಯಿತು. ಏಳು ತಿಂಗಳು ತಡವಾಗಿ ತಿಳಿಯಿತು.

ಡಾಕ್ಟರಮ್ಮ ಹೋದರು. ತಮ್ಮ ಮೆಲ್ಲಗೆ ಕೇಳಿದ, “ಕಹಿ ಇತ್ತಾ?”

“ಇತ್ತು.”

“ಎರಡು ಗೀರು?”

“ನಾನೇ ಎಳೀತಿದ್ದೆ.”

“ಅವತ್ತು ಪರದೆ ಹಿಂದೆ ಕೂತಿದ್ದೆ ನಾನು. ನೀನು ‘ಬೆರೆಸೋ ಜನ ಅಲ್ಲ ನಾವು’ ಅಂದೆ. ಕೇಳಿಸ್ತು. ಅಣ್ಣ ಇಲ್ಲ ಅಂದಮೇಲೆ ಇಲ್ಲ. ನನ್ನ ತಲೆಯೇ ಸರಿ ಇಲ್ಲ, ಇನ್ನು ಹಟ ಮಾಡಬಾರದು ಅಂದ್ಕೊಂಡೆ. ಅವತ್ತೇ ಚೀಟಿ ತಗೊಂಡು ಹೋಗಿ ಮಾತ್ರೆ ತಂದೆ. ಒಂದು ತಿಂಗಳು ಪೂರ್ತಿ ನುಂಗಿ, ಖಾಲಿ ಹಾಳೆಗಳನ್ನ ನಿನ್ನ ಕೈಗೆ ಕೊಡೋಣ ಅಂತಿದ್ದೆ. ಖುಷಿ ಪಡ್ತೀಯ ಅಂತ.”

ಬೇಕರಿಯಣ್ಣ ಮಂಚದ ಕಬ್ಬಿಣದ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಜನರೆದುರು ಇವನು ಕಿರುಚಿಕೊಂಡಾಗ ಆಗಿದ್ದ ನಾಚಿಕೆ ಇದರ ಮುಂದೆ ನಾಚಿಕೆಯೇ ಅಲ್ಲ.

“ಹೊಗೆಕೊಳವೆಯವರು?” ಎಂದು ತಮ್ಮ ಮತ್ತೆ ಕೇಳಿದ. “ಅವರೂ ಇದ್ದರಾ?”

“ಇಲ್ಲ ಕಣೋ! ದೇವರಾಣೆಗೂ ಇಲ್ಲ. ಅದು ಕಾಯಿಲೆ.”

ತಮ್ಮ ತಲೆ ಹೊರಳಿಸಿ ಅಣ್ಣನನ್ನು ನೋಡಿದ. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಮುಖ ಅದು. “ನೀನು ಹೇಳಿದ್ದನ್ನ ಹೇಗೆ ನಂಬಲಿ ಅಣ್ಣ?”

 

ತಮ್ಮ ಒಂದು ವಾರಕ್ಕೆ ಮನೆಗೆ ಬಂದ. ಕೊಳವೆಯ ವಿಷಯದಲ್ಲಿ ಅವನು ಡಾಕ್ಟರಮ್ಮನ ಮಾತನ್ನು ನಂಬಿದ, ಅತ್ತಿಗೆಯ ಮಾತನ್ನು ನಂಬಿದ. ಈಗ ಮಾತ್ರೆ ಬದಲಾಗಿದೆ, ಕೈ ನಡುಕ ನಿಂತಿದೆ. ದಿನಾ ರಾತ್ರಿ ಊಟವಾದ ಮೇಲೆ ಎಲ್ಲರ ಎದುರು ಹಾಳೆಯಿಂದ ಮಾತ್ರೆ ಒಡೆದು, ಕೊಡದಿಂದ ತಾನೇ ನೀರು ಮೊಗೆದು ನುಂಗುತ್ತಾನೆ. ಒಂದು ದಿನವೂ ತಪ್ಪಿಲ್ಲ. ಯಾರೂ ಅವನಿಗೆ ನೆನಪು ಮಾಡಬೇಕಾಗಿಲ್ಲ.

ಹಲಗೆಯನ್ನು ಬೇಕರಿಯಣ್ಣ ಇಳಿಸಿ ಹಿಟ್ಟಿನ ಚೀಲಗಳ ಹಿಂದೆ ಇಟ್ಟ. ಎಲ್ಲಿ ಹೋಯ್ತು ಎಂದು ಕೇಳಿದವರಿಗೆ, “ಬಣ್ಣ ಹೋಗಿತ್ತು, ಹೊಸದು ಬರೆಸಬೇಕು” ಅಂದ. ಅದೂ ಸುಳ್ಳು. ಸುಳ್ಳಿನ ಚಟ ಅಷ್ಟು ಬೇಗ ಬಿಡುತ್ತದೆಯೇ? ಆದರೆ ಹಾಗೆ ಹೇಳಿದಾಗ ತಮ್ಮ ಹತ್ತಿರದಲ್ಲೇ ನಿಂತಿದ್ದ. ಅಣ್ಣ ಹೊರಟಿದ್ದ ಗಿರಾಕಿಯನ್ನು ವಾಪಸ್ಸು ಕರೆದು, “ಬಣ್ಣ ಚೆನ್ನಾಗೇ ಇದೆ, ನಾನೇ ಇಳಿಸಿದೆ” ಅಂದ. ಗಿರಾಕಿ ತಲೆಬುಡ ತಿಳಿಯದೆ ಬ್ರೆಡ್ಡು ಹಿಡಿದುಕೊಂಡು ಹೊರಟುಹೋದ.

ಒಂದು ತಿಂಗಳ ಮೇಲೆ ತಮ್ಮ ನಾದಿಟ್ಟ ಹಿಟ್ಟಿನಿಂದ ಒಂದು ಚೂರು ಕಿತ್ತು ನಾಲಿಗೆಗೆ ಇಟ್ಟುಕೊಂಡ. “ಉಪ್ಪೇ ಹಾಕಿಲ್ಲ” ಅಂದ. ಅಣ್ಣ ನೋಡಿದರೆ ಅಳೆದಿಟ್ಟ ಉಪ್ಪು ಬಟ್ಟಲಿನಲ್ಲೇ ಇತ್ತು. ಅವನು ಕೆಲಸದವರಿಗೆಲ್ಲ ಕೇಳುವ ಹಾಗೆ, “ನಾನು ಮರೆತಿದ್ದೆ. ಇವನ ನಾಲಿಗೆ ಸರಿಯಾಗಿದೆ. ಯಾವತ್ತೂ ಕೆಟ್ಟಿರಲಿಲ್ಲ” ಅಂದ. ತಮ್ಮ ಕೈ ಒರೆಸಿಕೊಂಡು ಕೆಲಸಕ್ಕೆ ನಿಂತ.

ಹಿಟ್ಟಿನ ಮಟ್ಟಿಗೆ ಎಲ್ಲ ಸರಿಹೋಯಿತು. ಆದರೆ ದಿನಾ ಬೆಳಿಗ್ಗೆ ಆರೂಮುಕ್ಕಾಲಿಗೆ ತಮ್ಮ ಚಪ್ಪಲಿ ಮೆಟ್ಟಿ, ಮೂಲೆ ತಿರುಗಿ, ಇನ್ನೊಂದು ಬೇಕರಿಯಿಂದ ಕಾಗದದಲ್ಲಿ ಸುತ್ತಿದ ಬ್ರೆಡ್ಡು ತರುತ್ತಾನೆ. ಬೀದಿಗೆ ಇದು ದೊಡ್ಡ ತಮಾಷೆ. “ಏನಣ್ಣ, ನಿನ್ನ ಮಾಲು ನಿನ್ನ ತಮ್ಮನೇ ಮುಟ್ಟಲ್ಲ!” ಎಂದು ಗಿರಾಕಿಗಳು ಕಿಚಾಯಿಸುತ್ತಾರೆ. ಬೇಕರಿಯಣ್ಣ ತಲೆ ಎತ್ತದೆ ಪೊಟ್ಟಣ ಕಟ್ಟುತ್ತಾನೆ.

ಏಳಕ್ಕೆ ಅವನು ಗೀರಿಲ್ಲದ ಒಂದು ಬನ್ನನ್ನು ತಮ್ಮನ ಮುಂದೆ ತಂದು, ಎರಡು ಭಾಗ ಮಾಡಿ, ಒಂದು ಭಾಗವನ್ನು ಅಲ್ಲೇ ನಿಂತು ತಾನು ತಿನ್ನುತ್ತಾನೆ. ಇನ್ನೊಂದನ್ನು ತಟ್ಟೆಯಲ್ಲಿ ಇಡುತ್ತಾನೆ. ಇನ್ನೂ ಒಂದು ದಿನವೂ ತಪ್ಪಿಸಿಲ್ಲ. ಮೊನ್ನೆ ತಮ್ಮ ಆ ಅರ್ಧವನ್ನು ಕೈಗೆ ತೆಗೆದುಕೊಂಡ. ಅಣ್ಣನ ಬಾಯಲ್ಲಿದ್ದ ತುತ್ತು ಹಾಗೇ ನಿಂತಿತು. ತಮ್ಮ ಬನ್ನನ್ನು ಮೂಗಿನ ಹತ್ತಿರ ಹಿಡಿದು ಮೂಸಿದ, ಬೆರಳಿನಿಂದ ಒತ್ತಿ ಅದು ಮತ್ತೆ ಉಬ್ಬುವುದನ್ನು ನೋಡಿದ.

“ಚೆನ್ನಾಗಿ ಬೆಂದಿದೆ ಅಣ್ಣ” ಅಂದ.

ಬನ್ನನ್ನು ತಟ್ಟೆಯಲ್ಲಿಟ್ಟು, ಪಕ್ಕದಲ್ಲಿದ್ದ ಕಾಗದ ಬಿಚ್ಚಿ, ಮೂಲೆಯ ಬೇಕರಿಯ ಬ್ರೆಡ್ಡು ತಿನ್ನತೊಡಗಿದ.